ಬಿಡುಗಡೆಗೆ ಮೊದಲೇ ಪೈಥಾನ್: ನಮ್ಮ ಹೆಸರು, ನಮ್ಮ ಲೆಕ್ಕ ಕೊಟ್ಟು ನೋಡಿದಾಗ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಪೈಥಾನ್ 3.14ರ ಅಧಿಕೃತ ಬಿಡುಗಡೆ ಆದದ್ದು 2025ರ ಅಕ್ಟೋಬರ್ 7ರಂದು. ಆದರೆ ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, 2024ರ ಅಕ್ಟೋಬರ್ 15ರಂದು, ಅದರ ಮೊದಲ ಪರೀಕ್ಷಾ ಪ್ರತಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪೈಥಾನ್‌ನ ಜಾಲತಾಣದಲ್ಲಿ ಸಿಗುತ್ತಿತ್ತು. ಈ ನಡುವೆ ಒಟ್ಟು 14 ಪರೀಕ್ಷಾ ಪ್ರತಿಗಳು ಬಂದವು. ಅವುಗಳಲ್ಲಿ ಕೊನೆಯ ಎರಡನ್ನು ನಾನು ನಮ್ಮ ಬಾಜಿಯ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆ. ಒಂದು ಆಗಸ್ಟ್ 14ರದ್ದು, ಇನ್ನೊಂದು ಸೆಪ್ಟೆಂಬರ್ 18ರದ್ದು.

"ಕಾಮರ್ಸ್ ಓದುವವಳಿಗೆ ಇದೆಲ್ಲ ಯಾಕೆ?" ಎಂದು ಗೆಳತಿಯರು ಕೇಳಿದರು. ನಮ್ಮದು ಸಿಇಬಿಎ, ಅಂದರೆ ಗಣಕ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಪಠ್ಯದಲ್ಲೇ ಪೈಥಾನ್ ಇದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಹೊಸ ಆವೃತ್ತಿ ಸರಿಯಿದೆಯೇ ಎಂದು ನೋಡುವವರು ತಮ್ಮ ತಮ್ಮ ಪ್ರೋಗ್ರಾಂ ಹಾಕಿ ನೋಡುತ್ತಾರೆ. ಅಮೆರಿಕದವರು ತಮ್ಮ ಹೆಸರು, ತಮ್ಮ ಡಾಲರ್ ಹಾಕಿ ನೋಡುತ್ತಾರೆ. ಕನ್ನಡದ ಒತ್ತಕ್ಷರ, ಉರ್ದು ಮನೆಯ ಹೆಸರು, ಕಾರವಾರದ ಕೊಂಕಣಿ, ಅಂಕೋಲೆಯ ಕಿರಾಣಿ ಅಂಗಡಿಯ ಉದ್ರಿ, ಇವನ್ನು ಹಾಕಿ ನೋಡುವವರು ಯಾರು? ನಾವೇ ನೋಡಬೇಕು. ಈ ಲೇಖನ ಅದನ್ನು ಹೇಗೆ ಮಾಡುವುದು, ನಾನು ಮಾಡಿದಾಗ ಏನು ತಿಳಿಯಿತು ಎಂಬುದರ ಬಗ್ಗೆ.

ಬಿಡುಗಡೆಗೆ ಮೊದಲಿನ ಮೂರು ಹಂತ

ಪೈಥಾನ್ ಭಾಷೆಯನ್ನು ಗೀಡೋ ವಾನ್ ರೋಸಮ್ 1991ರಲ್ಲಿ ಹೊರತಂದರು. ಈಗ ಅದನ್ನು ಜಗತ್ತಿನ ಬೇರೆ ಬೇರೆ ಕಡೆಯ ಡೆವಲಪರ್‌ಗಳು ಸೇರಿ ಬೆಳೆಸುತ್ತಾರೆ. ಅವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಈಗಿನ ಪದ್ಧತಿಯಂತೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಬರುತ್ತದೆ. 3.14ರ ಬಿಡುಗಡೆಯ ಹೊಣೆ ಹೊತ್ತವರು ಹ್ಯೂಗೋ ವಾನ್ ಕೆಮನಾಡೆ.

ಹೊಸ ಆವೃತ್ತಿ ಬರುವ ಮೊದಲು ಮೂರು ಹಂತ ದಾಟಬೇಕು.

ಮೊದಲನೆಯದು ಆಲ್ಫಾ. ಈ ಹಂತದಲ್ಲಿ ಹೊಸ ಸೌಲಭ್ಯಗಳು ಸೇರುತ್ತಲೇ ಇರುತ್ತವೆ. ಇಂದು ಇದ್ದದ್ದು ನಾಳೆ ಬದಲಾಗಬಹುದು, ತೆಗೆದುಹಾಕಲೂಬಹುದು. 3.14ಕ್ಕೆ ಏಳು ಆಲ್ಫಾಗಳು ಬಂದವು.

ಎರಡನೆಯದು ಬೀಟಾ. 2025ರ ಮೇ 7ರಂದು ಮೊದಲ ಬೀಟಾ ಬಂತು. ಅಲ್ಲಿಂದ ಮುಂದೆ ಹೊಸ ಸೌಲಭ್ಯ ಸೇರಿಸುವಂತಿಲ್ಲ, ಇರುವುದನ್ನು ಸರಿಪಡಿಸುವುದಷ್ಟೇ ಕೆಲಸ. ಬೀಟಾ ನಾಲ್ಕು ಬಂದವು.

ಮೂರನೆಯದು ರಿಲೀಸ್ ಕ್ಯಾಂಡಿಡೇಟ್, ಚಿಕ್ಕದಾಗಿ ಆರ್‌ಸಿ. "ದೊಡ್ಡ ದೋಷ ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ" ಎಂಬ ಹಂತ ಇದು. ಜುಲೈ 22ರಂದು ಮೊದಲ ಆರ್‌ಸಿ ಬಂತು, ಒಟ್ಟು ಮೂರು ಬಂದವು.

ನಮ್ಮೂರಿನವರಿಗೆ ಇದು ಹೊಸ ಮಾತಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಲ್ಲಿ ದೋಣಿ ದುರಸ್ತಿ, ಬಲೆ ಹೆಣೆಯುವುದು, ಎಂಜಿನ್ ಚಾಲೂ ಮಾಡಿ ನೋಡುವುದು ಎಲ್ಲ ಮುಗಿಯಬೇಕು. ದೋಣಿ ಸೋರುವುದು ಗೊತ್ತಾಗಬೇಕಾದದ್ದು ದಡದಲ್ಲಿ, ಹತ್ತು ಮಾರು ನೀರಿನಲ್ಲಲ್ಲ. ಆಲ್ಫಾ, ಬೀಟಾ, ಆರ್‌ಸಿ ಎಂದರೆ ದಡದ ಮೇಲಿನ ಈ ಪರೀಕ್ಷೆಯೇ.

ಹಾಕಿಕೊಳ್ಳುವಾಗ ಗಮನಿಸಬೇಕಾದದ್ದು

ಪರೀಕ್ಷಾ ಪ್ರತಿಯನ್ನು ನಿತ್ಯದ ಕೆಲಸಕ್ಕೆ ಬಳಸಬೇಡಿ ಎಂದು ಅದನ್ನು ಕೊಡುವವರೇ ಹೇಳುತ್ತಾರೆ. ಆದ್ದರಿಂದ ಇಷ್ಟು ನೆನಪಿರಲಿ.

1. ಪೈಥಾನ್‌ನ ಅಧಿಕೃತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. ವಿಂಡೋಸ್‌ನ ಕಡತ ಸುಮಾರು 30 ಎಂಬಿ. ಬೇರೆ ಕಡೆಯಿಂದ ಯಾರೋ ಕಳಿಸಿದ ಕಡತ ಬೇಡ.

2. ಹಳೆಯ ಆವೃತ್ತಿಯನ್ನು ತೆಗೆಯಬೇಡಿ. ಎರಡೂ ಅಕ್ಕಪಕ್ಕದಲ್ಲಿ ಇರಬಹುದು. ಹಾಕಿಕೊಳ್ಳುವಾಗ ಹೊಸದನ್ನು "ಪಾತ್"ಗೆ ಸೇರಿಸುವ ಚೌಕಕ್ಕೆ ಗುರುತು ಹಾಕದಿದ್ದರೆ ಹಳೆಯದರ ಕೆಲಸಕ್ಕೆ ಅಡ್ಡಿ ಬರುವುದಿಲ್ಲ.

3. ನಿಮ್ಮ ಪ್ರೋಗ್ರಾಂಗಳ ನಕಲು ಬೇರೆ ಫೋಲ್ಡರ್‌ನಲ್ಲಿಟ್ಟು, ಆ ನಕಲಿನ ಮೇಲೆ ಮಾತ್ರ ಪರೀಕ್ಷೆ ಮಾಡಿ.

4. ಕಾಲೇಜಿನ ಲ್ಯಾಬ್‌ನಲ್ಲಿ ಸರ್ ಅಥವಾ ಮೇಡಂ ಅನುಮತಿ ಇಲ್ಲದೆ ಹಾಕಬೇಡಿ. ಪ್ರಾಯೋಗಿಕ ಪರೀಕ್ಷೆಯ ತಯಾರಿಯನ್ನೂ ಇದರಲ್ಲಿ ಮಾಡಬೇಡಿ.

5. ಕಂಪ್ಯೂಟರ್ ಹಳೆಯದಾಗಿದ್ದರೆ ಮೊದಲೇ ನೋಡಿಕೊಳ್ಳಿ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಆವೃತ್ತಿ ಪೈಥಾನ್ 3.8. ಅದಕ್ಕೆ 2024ರ ಅಕ್ಟೋಬರಿಗೆ ಬೆಂಬಲವೂ ಮುಗಿದಿದೆ. 3.14ಕ್ಕೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು.

ಇನ್ನೊಂದು ಮಾತು. ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣಬಹುದು. ಅದು ಕಿಟಕಿಯ ತೊಂದರೆ, ಪೈಥಾನ್‌ನದ್ದಲ್ಲ. ಪೈಥಾನ್ ಜೊತೆಗೇ ಬರುವ ಐಡಲ್‌ನಲ್ಲಿ ತೆರೆದು ನೋಡಿ.

ನನ್ನ ಪರೀಕ್ಷಾ ಸಾಮಗ್ರಿ: ಮಾಮು ಅಂಗಡಿಯ ಉದ್ರಿ

ಅಂಕೋಲೆಯಲ್ಲಿ ನಮ್ಮ ಮಾಮು ಅವರ ಚಿಕ್ಕ ಕಿರಾಣಿ ಅಂಗಡಿ ಇದೆ. ಉದ್ರಿ ಪುಸ್ತಕದಲ್ಲಿ ಇರುವುದನ್ನು ಲೆಕ್ಕ ಹಾಕಲು ನಾನು ಒಂದು ಪ್ರೋಗ್ರಾಂ ಬರೆದಿದ್ದೆ. ಯಾರು ಎಷ್ಟು ಕೊಡಬೇಕು, ಎಷ್ಟು ಕೊಟ್ಟರು, ಬಾಕಿ ಎಷ್ಟು ಎಂದು ಅದು ಹೇಳುತ್ತದೆ. ಪಠ್ಯದಲ್ಲಿ ಕಲಿತ ಲಿಸ್ಟ್, ಡಿಕ್ಷನರಿ, ಫೈಲ್ ಇಷ್ಟೇ ಅದರಲ್ಲಿ ಇರುವುದು. ಇದನ್ನೇ ಲ್ಯಾಬ್‌ನ 3.8ರಲ್ಲಿ, ಲ್ಯಾಪ್‌ಟಾಪ್‌ನ 3.13ರಲ್ಲಿ, ಪರೀಕ್ಷಾ ಪ್ರತಿ 3.14ರಲ್ಲಿ ಓಡಿಸಿ ಉತ್ತರಗಳನ್ನು ಸಾಲು ಸಾಲಾಗಿ ಹೋಲಿಸಿದೆ.

ಮೊದಲು ಹಣ. ಮೂರರಲ್ಲೂ ಒಂದೇ ಉತ್ತರ ಬಂತು. ಆದರೆ "ಒಂದೇ ಉತ್ತರ" ಎಂದರೆ "ಅಂಗಡಿಗೆ ಹೊಂದುವ ಉತ್ತರ" ಎಂದಲ್ಲ. ಯಾವ ಆವೃತ್ತಿಯಲ್ಲೇ ಆಗಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಮೂರನೇ ಒಂದನ್ನು ದಶಮಾಂಶದಲ್ಲಿ ಪೂರ್ತಿ ಬರೆಯಲು ನಮಗೆ ಹೇಗೆ ಆಗುವುದಿಲ್ಲವೋ, ಹಾಗೆಯೇ ಹತ್ತನೇ ಒಂದನ್ನು ಸೊನ್ನೆ-ಒಂದರ ಭಾಷೆಯಲ್ಲಿ ಪೂರ್ತಿ ಬರೆಯಲು ಕಂಪ್ಯೂಟರಿಗೆ ಆಗುವುದಿಲ್ಲ. 2.5 ಅನ್ನು ಪೂರ್ಣಾಂಕಕ್ಕೆ ತರಲು ಹೇಳಿದರೆ ಪೈಥಾನ್ 2 ಎನ್ನುತ್ತದೆ, 3.5ಕ್ಕೆ 4 ಎನ್ನುತ್ತದೆ. ಸರಿಯಾಗಿ ಅರ್ಧವಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ಅಂಗಡಿಯಲ್ಲಿ ಎರಡೂವರೆ ರೂಪಾಯಿಯನ್ನು ಮೂರು ಎಂದು ಹಿಡಿಯುವವರಿಗೆ ಇದು ಸರಿಹೊಂದುವುದಿಲ್ಲ. ಪೈಸೆಗಳನ್ನು ಪೂರ್ಣಾಂಕವಾಗಿ ಇಟ್ಟರೆ, ಅಂದರೆ 340.50 ರೂಪಾಯಿಯನ್ನು 34050 ಪೈಸೆ ಎಂದು ಬರೆದರೆ, ಕೂಡಿಸುವಾಗ ಈ ತಂಟೆಯೇ ಇಲ್ಲ.

ಎರಡನೆಯದು, ತಪ್ಪು ತೋರಿಸುವ ಬಗೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೂ ಇಡಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ. ಕೆಳಗಿನ ಸಾಲು ಪೈಥಾನ್‌ಗೆ ಪೂರ್ತಿ ಅರ್ಥವಾಗುತ್ತದೆ:

ಬಡ್ಡಿ = ಅಸಲು * ದರ * ವರ್ಷ / 100

ಈಗ ಬೇಕೆಂದೇ ಮುಂದಿನ ಸಾಲಿನಲ್ಲಿ "ಬಡ್ಡೀ" ಎಂದು ದೀರ್ಘ ಹಾಕಿ ಬರೆಯಿರಿ. 3.8 "ಈ ಹೆಸರು ಗೊತ್ತಿಲ್ಲ" ಎಂದು ಹೇಳಿ ಸುಮ್ಮನಾಗುತ್ತದೆ. 3.14 ಅದರ ಜೊತೆಗೆ "ನೀವು ಬರೆಯಲು ಹೊರಟದ್ದು 'ಬಡ್ಡಿ'ಯೇ?" ಎಂದು ಕೇಳುತ್ತದೆ. ಈ ಸೂಚನೆ 3.10ರಿಂದಲೇ ಇದೆ. 3.14ರಲ್ಲಿ ಹೊಸದಾಗಿ ಬಂದದ್ದು, ಇಫ್, ವೈಲ್, ಫಾರ್‌ನಂಥ ಪೈಥಾನ್‌ನ ಸ್ವಂತ ಪದಗಳಲ್ಲಿ ಕಾಗುಣಿತ ತಪ್ಪಿದರೂ ಸರಿಯಾದ ಪದವನ್ನು ಸೂಚಿಸುವುದು. "ವೈಲ್"ನಲ್ಲಿ ಒಂದು ಅಕ್ಷರ ಹೆಚ್ಚಾಗಿ ಅರ್ಧ ಗಂಟೆ ಪರದೆ ನೋಡುತ್ತ ಕುಳಿತವರಿಗೆ ಇದರ ಬೆಲೆ ಗೊತ್ತು.

"ಕ್ಯಾಶ್‌ಬುಕ್ = 500" ಎಂದು ಬರೆದರೆ ಮಾತ್ರ ಯಾವ ಆವೃತ್ತಿಯೂ ಒಪ್ಪುವುದಿಲ್ಲ. ಕಾರಣ ಕಣ್ಣಿಗೆ ಕಾಣುವುದಿಲ್ಲ. "ಶ್" ಮತ್ತು "ಬು" ಒತ್ತಕ್ಷರವಾಗಿ ಸೇರಿಕೊಳ್ಳದಂತೆ ನಾವು ಟೈಪ್ ಮಾಡುವಾಗ ನಡುವೆ ಒಂದು ಅದೃಶ್ಯ ಅಕ್ಷರ ಕೂರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಅದನ್ನು ವೇರಿಯಬಲ್ ಹೆಸರಿನಲ್ಲಿ ಬಳಸುವಂತಿಲ್ಲ. 3.8 "ಹೆಸರಿನಲ್ಲಿ ಸಲ್ಲದ ಅಕ್ಷರವಿದೆ" ಎಂದಷ್ಟೇ ಹೇಳುತ್ತದೆ. ಹೊಸ ಆವೃತ್ತಿಗಳು ಅದು ಕಾಣದ ಅಕ್ಷರ ಎಂದೂ, ಅದರ ಸಂಖ್ಯೆ ಯಾವುದು ಎಂದೂ ಹೇಳುತ್ತವೆ. "ಕ್ಯಾಶ್_ಬುಕ್" ಎಂದು ಅಡಿಗೆರೆ ಹಾಕಿದರೆ ಕೆಲಸ ನಡೆಯುತ್ತದೆ.

ಒಂದೇ ಹೆಸರು, ಎರಡು ಖಾತೆ

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಮೂರನೆಯ ಪರೀಕ್ಷೆ. ನಮ್ಮ ಮನೆಗಳ ಹೆಸರುಗಳಲ್ಲಿ ಕನ್ನಡದಲ್ಲಿ ಇಲ್ಲದ ಧ್ವನಿಗಳಿವೆ. ಅದಕ್ಕಾಗಿ ಜ, ಫ ಅಕ್ಷರಗಳ ಕೆಳಗೆ ಚುಕ್ಕಿ ಹಾಕುವವರಿದ್ದಾರೆ, ಹಾಕದವರೂ ಇದ್ದಾರೆ. "ಜೈನಬ್" ಎಂದು ಬರೆದರೆ ಪೈಥಾನ್ ಎಣಿಕೆಯಲ್ಲಿ 5 ಅಕ್ಷರ. "ಜ಼ೈನಬ್" ಎಂದು ಚುಕ್ಕಿ ಹಾಕಿದರೆ 6. ಎರಡೂ ಸಮವೇ ಎಂದು ಕೇಳಿದರೆ "ಅಲ್ಲ" ಎನ್ನುತ್ತದೆ.

ಇದಾದರೂ ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ ವ್ಯತ್ಯಾಸವೂ ಇದೆ. "ಅಂಕೋಲಾ" ಎಂಬ ಪದದ "ಕೋ"ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಯೂನಿಕೋಡ್ ಎರಡನ್ನೂ ಒಪ್ಪುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಪೈಥಾನ್ ಎಣಿಸಿದರೆ ಒಂದು 6, ಇನ್ನೊಂದು 8. ಒಂದು ಕಡೆ ಟೈಪ್ ಮಾಡಿದ, ಇನ್ನೊಂದು ಕಡೆಯಿಂದ ತಂದ ಹೆಸರುಗಳು ಒಂದೇ ಪಟ್ಟಿಯಲ್ಲಿ ಸೇರಿದಾಗ ಹೀಗಾಗಬಹುದು. ಆಗ ಒಬ್ಬರೇ ಗಿರಾಕಿಗೆ ಎರಡು ಖಾತೆ ತೆರೆಯುತ್ತದೆ. ಒಂದರಲ್ಲಿ 340 ರೂಪಾಯಿ, ಇನ್ನೊಂದರಲ್ಲಿ 215 ಎಂದಿಟ್ಟುಕೊಳ್ಳಿ. ಅವರು ಬಂದು "ನನ್ನ ಬಾಕಿ ಎಷ್ಟು?" ಎಂದು ಕೇಳಿದರೆ ಪ್ರೋಗ್ರಾಂ 340 ಎನ್ನುತ್ತದೆ. 555 ಎನ್ನುವುದಿಲ್ಲ.

ಅಂಗಡಿಯಲ್ಲಾದರೆ ಮಾಮು ಮುಖ ನೋಡಿ ಗುರುತಿಸುತ್ತಾರೆ. ಅರ್ಜಿಗಳಲ್ಲಿ ಮುಖ ನೋಡುವವರಿಲ್ಲ. ಒಂದು ದಾಖಲೆಯ ಹೆಸರು ಇನ್ನೊಂದರ ಜೊತೆ ಹೊಂದಲಿಲ್ಲ ಎಂದು ವಿದ್ಯಾರ್ಥಿವೇತನದ ಅರ್ಜಿ ಹಿಂದೆ ಬಂದು ತಿರುಗಾಡಿದವರು ನಮ್ಮ ತರಗತಿಯಲ್ಲೇ ಇದ್ದಾರೆ. ಎಲ್ಲದಕ್ಕೂ ಕಾರಣ ಈ ಚುಕ್ಕಿಯಲ್ಲ. ಆದರೆ ಯಂತ್ರ ಹೆಸರನ್ನು ಹೇಗೆ ಹೋಲಿಸುತ್ತದೆ ಎಂಬುದು ನಮ್ಮಂಥವರಿಗೆ ಬರೀ ಪಾಠದ ವಿಷಯವಲ್ಲ.

ಪರಿಹಾರವೂ ಪೈಥಾನ್‌ನಲ್ಲೇ ಇದೆ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಹೆಸರುಗಳನ್ನು ಮೊದಲು ಅದರಲ್ಲಿ ಹಾಯಿಸಿದರೆ ತುಂಡಾದ ಸ್ವರಚಿಹ್ನೆಗಳು ಒಂದಾಗುತ್ತವೆ. ಎರಡು "ಅಂಕೋಲಾ"ಗಳೂ ಸಮವಾಗುತ್ತವೆ. ಚುಕ್ಕಿಯ ವಿಷಯ ಮಾತ್ರ ಅದಕ್ಕೆ ಬಿಟ್ಟದ್ದಲ್ಲ. ಚುಕ್ಕಿ ಇರುವುದು ಇಲ್ಲದ್ದು ಒಂದೇ ಎಂದು ಎಣಿಸಬೇಕೋ ಬೇಡವೋ ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತೀರ್ಮಾನಿಸಬೇಕು. ಅಂದರೆ ಬರೆಯುವವರಿಗೆ ಇಂಥ ಹೆಸರುಗಳಿವೆ ಎಂದು ಗೊತ್ತಿರಬೇಕು.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದಾಗಲೂ ಒಂದು ವಿಷಯ ಕಂಡಿತು. ನಮ್ಮ ವರ್ಣಮಾಲೆಯಲ್ಲಿ "ಳ" ಕೊನೆಗೆ, "ಹ" ಆದಮೇಲೆ ಬರುತ್ತದೆ. ಯೂನಿಕೋಡ್ ಸಂಖ್ಯೆಯಲ್ಲಿ ಅದು "ಲ"ದ ಪಕ್ಕದಲ್ಲೇ ಇದೆ. ಪೈಥಾನ್ ಸಂಖ್ಯೆ ನೋಡಿ ಜೋಡಿಸುವುದರಿಂದ "ಳ" ಮುಂದೆ ಬಂದುಬಿಡುತ್ತದೆ.

ಹೊಸ ಅಕ್ಷರ ಯಾವ ಆವೃತ್ತಿಗೆ ಗೊತ್ತು?

ನಾಲ್ಕನೆಯ ಪರೀಕ್ಷೆ ನಮ್ಮ ಜಿಲ್ಲೆಯದ್ದೇ. ಕರ್ನಾಟಕದಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೂ ಬರೆಯುತ್ತಾರೆ. ಮೂಗಿನಲ್ಲಿ ಉಚ್ಚರಿಸುವ ಧ್ವನಿಗೆ ಅಕ್ಷರದ ಬಲಕ್ಕೆ ಮೇಲೆ ಒಂದು ಸೊನ್ನೆ ಹಾಕುವ ಪದ್ಧತಿ ಇದೆ. ಹವ್ಯಕ ಕನ್ನಡ ಬರೆಯುವಾಗಲೂ ಇದು ಬೇಕಾಗುತ್ತದೆ. ಎರಡೂ ಉತ್ತರ ಕನ್ನಡದ ಮಾತುಗಳು. ಆದರೂ ಈ ಚಿಹ್ನೆಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ, 15.0ನೇ ಆವೃತ್ತಿಯಲ್ಲಿ. ಅದರ ಸಂಖ್ಯೆ 3315. ಕರಾವಳಿಯ ಹಳೆಯ ತುಳು-ತಿಗಳಾರಿ ಲಿಪಿ ಸೇರಿದ್ದು ಇನ್ನೂ ತಡವಾಗಿ, 2024ರ ಸೆಪ್ಟೆಂಬರಿನ 16.0ರಲ್ಲಿ. ಅದರ 80 ಅಕ್ಷರ-ಚಿಹ್ನೆಗಳಲ್ಲಿ ಮೊದಲನೆಯದರ ಸಂಖ್ಯೆ 70528.

ಪ್ರತಿ ಪೈಥಾನ್ ಆವೃತ್ತಿಯೂ ತಾನು ತಯಾರಾದಾಗಿನ ಯೂನಿಕೋಡ್ ಪಟ್ಟಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ಸಂಖ್ಯೆ ಕೊಟ್ಟು "ಈ ಅಕ್ಷರದ ಹೆಸರೇನು?" ಎಂದು ಕೇಳಿದರೆ ಆ ಪಟ್ಟಿ ನೋಡಿ ಹೇಳುತ್ತದೆ. ಮೂರರಲ್ಲೂ ಕೇಳಿದಾಗ ಬಂದ ಉತ್ತರ ಹೀಗಿದೆ:

ಪೈಥಾನ್ 3.8 (ಯೂನಿಕೋಡ್ 12.1): ಕೊಂಕಣಿ ಚಿಹ್ನೆ ಗೊತ್ತಿಲ್ಲ, ತುಳು-ತಿಗಳಾರಿ ಗೊತ್ತಿಲ್ಲ.
ಪೈಥಾನ್ 3.13 (ಯೂನಿಕೋಡ್ 15.1): ಕೊಂಕಣಿ ಚಿಹ್ನೆ ಗೊತ್ತು, ತುಳು-ತಿಗಳಾರಿ ಗೊತ್ತಿಲ್ಲ.
ಪೈಥಾನ್ 3.14 ಪರೀಕ್ಷಾ ಪ್ರತಿ (ಯೂನಿಕೋಡ್ 16.0): ಎರಡೂ ಗೊತ್ತು.

ಪರದೆಯ ಮೇಲೆ ಅಕ್ಷರದ ಬದಲು ಬರೀ ಚೌಕ ಕಾಣಬಹುದು. ಅದು ಫಾಂಟ್ ಇಲ್ಲದ್ದರಿಂದ. ಹೆಸರು ಗೊತ್ತಿರುವುದು ಬೇರೆ, ರೂಪ ತೋರಿಸುವುದು ಬೇರೆ. ಆದರೆ ಹೆಸರೇ ಗೊತ್ತಿಲ್ಲದಿದ್ದರೆ ಅದು ಅಕ್ಷರವೋ ಅಂಕಿಯೋ ಎಂದೂ ಪ್ರೋಗ್ರಾಂಗೆ ತಿಳಿಯುವುದಿಲ್ಲ.

ತಾಳೆಯಾದರೆ ಎಲ್ಲ ಸರಿಯೇ?

ನನ್ನ ಎಲ್ಲ ಪರೀಕ್ಷೆಗಳಲ್ಲಿ 3.14ರಲ್ಲಿ ಒಂದೂ ದೋಷ ಸಿಗಲಿಲ್ಲ. ಹಾಗಾದರೆ ದೋಷವೇ ಇಲ್ಲ ಎಂದೇ? ಲೆಕ್ಕಶಾಸ್ತ್ರ ಓದುವವರಿಗೆ ಇದಕ್ಕೆ ಉತ್ತರ ಗೊತ್ತು. ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ತಾಳೆಯಾದರೂ ತಪ್ಪು ಉಳಿದಿರಬಹುದು. ಒಂದು ವ್ಯವಹಾರವನ್ನೇ ಬರೆಯಲು ಬಿಟ್ಟಿದ್ದರೆ ಟ್ರಯಲ್ ಬ್ಯಾಲೆನ್ಸ್ ಅದನ್ನು ತೋರಿಸುವುದಿಲ್ಲ. ಪರೀಕ್ಷೆಯೂ ಹಾಗೆಯೇ. ನಾವು ಹಾಕಿ ನೋಡಿದ್ದರ ಬಗ್ಗೆ ಮಾತ್ರ ಅದು ಹೇಳುತ್ತದೆ. ಯಾರೂ ಕನ್ನಡ ಹಾಕಿ ನೋಡದಿದ್ದರೆ ಕನ್ನಡದ ಬಗ್ಗೆ ಏನೂ ಹೇಳುವುದಿಲ್ಲ. ಆದ್ದರಿಂದ "ಏನೂ ತಪ್ಪು ಸಿಗಲಿಲ್ಲ" ಎಂಬುದೂ ಒಂದು ಫಲಿತಾಂಶವೇ.

ದೋಷ ಸಿಕ್ಕರೆ ಏನು ಮಾಡಬೇಕು? ಪೈಥಾನ್‌ನ ದೋಷಗಳನ್ನು ಗಿಟ್‌ಹಬ್‌ನಲ್ಲಿ ದಾಖಲಿಸುತ್ತಾರೆ. ಯಾರು ಬೇಕಾದರೂ ಬರೆಯಬಹುದು. ಬರೆಯುವ ಮೊದಲು ಅದೇ ದೂರು ಆಗಲೇ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಐದು ವಿಷಯ ಬರೆಯಬೇಕು: ಯಾವ ಆವೃತ್ತಿ, ಯಾವ ಕಂಪ್ಯೂಟರ್, ದೋಷ ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ, ಏನು ಬರಬೇಕಿತ್ತು, ಏನು ಬಂತು. ಹಳೆಯ ಆವೃತ್ತಿಯಲ್ಲಿ ಅದೇ ಪ್ರೋಗ್ರಾಂ ಸರಿಯಾಗಿ ನಡೆದಿತ್ತೇ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. "ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಬೇರೆಯವರ ನಿಜವಾದ ಹೆಸರು, ಮೊಬೈಲ್ ಸಂಖ್ಯೆ, ಬಾಕಿ ಮೊತ್ತ ಇರುವ ಕಡತವನ್ನು ಎಂದೂ ಹಾಕಬಾರದು. ಅದೇ ಬಗೆಯ ಕಲ್ಪಿತ ಹೆಸರು ಬರೆದರೆ ಸಾಕು.

ಮುಂದಿನ ಸರದಿ

3.15ರ ಮೊದಲ ಆಲ್ಫಾ 2025ರ ಅಕ್ಟೋಬರ್ 14ರಂದೇ ಬಂದಿದೆ. ವೇಳಾಪಟ್ಟಿಯ ಪ್ರಕಾರ ಬೀಟಾ ಹಂತ 2026ರ ಮೇ ತಿಂಗಳಲ್ಲಿ ಶುರು. ಅದು ನಮಗೆ ರಜೆಯ ಸಮಯ. 2025ರ ಸೆಪ್ಟೆಂಬರಿನ ಯೂನಿಕೋಡ್ 17.0ರಲ್ಲಿ ಕನ್ನಡದ ಹಳೆಯ ಕಾಲದ "ಶ್ರೀ" ರೂಪವೊಂದು ಸೇರಿದೆ, ಸಂಖ್ಯೆ 3292. ಬೀಟಾ ಹಾಕಿಕೊಂಡವರು ಮೊದಲ ಪ್ರಶ್ನೆಯಾಗಿ ಅದರ ಹೆಸರನ್ನೇ ಕೇಳಿ ನೋಡಬಹುದು.

ಲ್ಯಾಪ್‌ಟಾಪ್ ಇಲ್ಲದವರೂ ಸೇರಬಹುದು. ಕೊಂಕಣಿ ಮಾತಾಡುವವರು ಮೂಗುಸ್ವರದ ಪದಗಳನ್ನು ಬರೆದು ಕೊಡಿ. ಹವ್ಯಕ ಮನೆಯವರು ನಿಮ್ಮ ಪದಗಳನ್ನು ಕೊಡಿ. ಉರ್ದು, ನವಾಯತಿ ಮನೆಯವರು ಚುಕ್ಕಿ ಬೇಕಾಗುವ ಹೆಸರುಗಳನ್ನು ಬರೆಯಿರಿ. ಕಾಮರ್ಸ್‌ನವರು ಅರ್ಧ ಪೈಸೆಯ ತನಕ ಹೋಗುವ ಬಡ್ಡಿ ಲೆಕ್ಕಗಳನ್ನು ಉತ್ತರದ ಸಮೇತ ತನ್ನಿ. ಒಂದು ನೋಟ್‌ಬುಕ್ ತುಂಬಿದರೆ ಅದೇ ನಮ್ಮ ಕಾಲೇಜಿನ ಪರೀಕ್ಷಾ ಪಟ್ಟಿ. ಯಾವ ಹೊಸ ಆವೃತ್ತಿ ಬಂದರೂ ಅದನ್ನು ಮೊದಲಿನಿಂದ ಕೊನೆಯ ತನಕ ಓಡಿಸಿ, ಏನು ಬದಲಾಯಿತು ಎಂದು ಈ ಪತ್ರಿಕೆಯಲ್ಲೇ ಬರೆಯಬಹುದು. ಪಟ್ಟಿಗೆ ಹೆಸರು, ಪದ ಕೊಡುವವರು ಬುಧವಾರದ ಲ್ಯಾಬ್ ಅವಧಿ ಮುಗಿದಮೇಲೆ ಸಿಗಿ.